ಮೀನಿನ ಹೆಸರು ಉಳಿಯಿತು, ಹೇಳಿದವರ ಹೆಸರು?

ರಜೆಯ ದಿನ ಬೆಳಿಗ್ಗೆ ಮೀನು ಮಾರುಕಟ್ಟೆಗೆ ಹೋಗುವುದೆಂದರೆ ಗಲ್ಫಿನಲ್ಲಿರುವ ನಮ್ಮಂಥ ಕರಾವಳಿಯವರಿಗೆ ಅರ್ಧ ಹಬ್ಬ. ಶೇರಿ, ಸಾಫಿ, ಹಮೂರ್ ಎನ್ನುತ್ತಾ ಅರಬಿ ಹೆಸರುಗಳಲ್ಲೇ ಚೌಕಾಶಿ ಮಾಡುತ್ತೇವೆ. ಅರಬಸ್ಥಾನದ ಮೀನುಗಳ ಇಂಥ ಹೆಸರುಗಳನ್ನು 260 ವರ್ಷಗಳ ಹಿಂದೆಯೇ ಒಬ್ಬ ಯುವಕ ಕೇಳಿ ಕೇಳಿ ಬರೆದಿಟ್ಟಿದ್ದ ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

1761ರಲ್ಲಿ ಡೆನ್ಮಾರ್ಕಿನ ದೊರೆ ಆರು ಜನರ ತಂಡವೊಂದನ್ನು ಅರಬಸ್ಥಾನಕ್ಕೆ ಕಳಿಸಿದ. ಅದರಲ್ಲಿ ಲಿನೇಯಸ್‌ನ ಶಿಷ್ಯ ಪೀಟರ್ ಫೋರ್ಸ್ಕಾಲ್, ಚಿತ್ರಕಾರ ಬೌರೆನ್‌ಫೈಂಡ್, ಭೂಮಾಪಕ ಕಾರ್ಸ್ಟನ್ ನೀಬೂರ್ ಇದ್ದರು. ಸೂಯೆಜ್, ಜಿದ್ದಾ, ಮೋಖಾ ತೀರಗಳಲ್ಲಿ ಫೋರ್ಸ್ಕಾಲ್ ಮೀನು ಸಂಗ್ರಹಿಸಿದ. ಎಲೆಗಳನ್ನು ಒಣಗಿಸುವಂತೆ ಮೀನಿನ ಚರ್ಮವನ್ನು ಕಾಗದದ ಮೇಲೆ ಒಣಗಿಸಿಟ್ಟ. ಆ ಚರ್ಮಗಳು ಇಂದಿಗೂ ಕೋಪನ್‌ಹೇಗನ್ನಿನ ಮ್ಯೂಸಿಯಂನಲ್ಲಿವೆ. ಮೋಖಾದ ಸುಂಕದ ಕಟ್ಟೆಯಲ್ಲಿ ಅವರ ಮೀನಿನ ಪೀಪಾಯಿ ತೆರೆದಾಗ ಎದ್ದ ದುರ್ವಾಸನೆಗೆ ದೊಡ್ಡ ರಂಪವೇ ಆಯಿತಂತೆ. ಏರ್‌ಪೋರ್ಟಿನಲ್ಲಿ ಒಣಮೀನಿನ ಪೊಟ್ಟಣ ಬಿಚ್ಚಿಸಿಕೊಂಡ ನಮಗೆ ಆ ಪೇಚಾಟ ಚೆನ್ನಾಗಿ ಅರ್ಥವಾಗುತ್ತದೆ.

ಶೇರಿ ಮೀನಿಗೆ ವಿಜ್ಞಾನದ ಹೆಸರು ಕೊಟ್ಟವನು ಈತನೇ. ಸಾಫಿಯ ಕುಲದ ಹೆಸರಾದ ಸಿಗಾನಸ್ ಅರಬಿ ಮೂಲದ್ದು. ಬೋಹಾರ್, ಹರಕ್ ಎಂಬ ಅರಬಿ ಹೆಸರುಗಳನ್ನು ಆತ ಹಾಗೇ ಉಳಿಸಿಕೊಂಡ. ಇಂದಿಗೂ ಜಗತ್ತಿನ ವಿಜ್ಞಾನಿಗಳು ಆ ಮೀನುಗಳನ್ನು ಅದೇ ಹೆಸರಿನಿಂದ ಕರೆಯುತ್ತಾರೆ.

ಆದರೆ ಫೋರ್ಸ್ಕಾಲ್ ತನ್ನ ಪುಸ್ತಕ ನೋಡಲಿಲ್ಲ. 1763ರಲ್ಲಿ ಯೆಮನ್ನಿನಲ್ಲಿ ಮಲೇರಿಯಾದಿಂದ ಸತ್ತ. ಬೌರೆನ್‌ಫೈಂಡ್ ಬೊಂಬಾಯಿಗೆ ಹೊರಟ ಹಡಗಿನಲ್ಲಿ ಸತ್ತ. ತಂಡದ ವೈದ್ಯನೂ ಬೊಂಬಾಯಿಯಲ್ಲಿ ತೀರಿಕೊಂಡ. ಆರು ಜನರಲ್ಲಿ ಉಳಿದದ್ದು ನೀಬೂರ್ ಒಬ್ಬನೇ. ಆತ ಮಸ್ಕತ್, ಬಸ್ರಾ ಹಾದು 1767ರಲ್ಲಿ ಊರು ಸೇರಿ, ಗೆಳೆಯನ ಬರಹವನ್ನು 1775ರಲ್ಲೂ ಚಿತ್ರಗಳನ್ನು 1776ರಲ್ಲೂ ಅಚ್ಚು ಮಾಡಿಸಿದ. ಇಂದು ಆಸ್ಪತ್ರೆಯ ಔಷಧ ಕಪಾಟಿನ ಕೆಲವೇ ಮಾತ್ರೆಗಳಿಂದ ವಾಸಿಯಾಗಬಹುದಾದ ಜ್ವರ ಅದು. ಕಪಾಟಿನ ಮುಂದೆ ನಿಲ್ಲುವ ನಮಗೆ ಆ ಸಾವುಗಳು ಬರೀ ಇತಿಹಾಸ ಅನ್ನಿಸುವುದಿಲ್ಲ.

ಫಾರ್ಮಸಿಯವರಾದ ನಮ್ಮನ್ನು ಹಿಡಿದು ನಿಲ್ಲಿಸುವ ಇನ್ನೊಂದು ಸಂಗತಿಯಿದೆ. ಪ್ರಾಣಿಗಳ ಆ ಪುಸ್ತಕದ ಕೊನೆಯಲ್ಲಿ ಕೈರೋ ನಗರದ ಔಷಧ ಸಾಮಗ್ರಿಗಳ ಪಟ್ಟಿಯೂ ಇದೆ. ಒಂದಕ್ಷರ ತಪ್ಪಿದರೆ ಒಂದು ಮದ್ದು ಇನ್ನೊಂದಾಗುವ ಕೆಲಸ ನಮ್ಮದು. ಹೆಸರನ್ನು ಸರಿಯಾಗಿ ಕೇಳಿ, ಸರಿಯಾಗಿ ಬರೆಯುವುದರ ಬೆಲೆ ನಮಗೆ ಗೊತ್ತು.

ಇಷ್ಟೆಲ್ಲ ಹೊಗಳಿದ ಮೇಲೆ ಒಂದು ಮಾತು ಹೇಳಲೇಬೇಕು. ದೊರೆಯ ಹೆಸರು ಉಳಿಯಿತು, ಪಂಡಿತನ ಹೆಸರು ಉಳಿಯಿತು, ಮೀನಿನ ಹೆಸರೂ ಉಳಿಯಿತು. ಬಲೆ ಎಳೆದು, ಇದು ಬೋಹಾರ್, ಇದು ಹರಕ್ ಎಂದು ಹೇಳಿಕೊಟ್ಟ ಬೆಸ್ತರ ಹೆಸರು ಎಲ್ಲಿ? ಪರದೇಶದಲ್ಲಿ ಬೆವರು ಸುರಿಸುವ ನಾವು ಆ ಬೆಸ್ತರ ಸಾಲಿನವರು. ನಾವು ಕಟ್ಟಿದ ಕಟ್ಟಡದ ಮೇಲೂ ನಮ್ಮ ಹೆಸರಿಲ್ಲ.

ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೂ ನಮ್ಮ ತಟ್ಟೆಯಲ್ಲೇ ಉದಾಹರಣೆಯಿದೆ. ನಮ್ಮ ಬಂಗುಡೆಯ ವೈಜ್ಞಾನಿಕ ಹೆಸರಿನಲ್ಲಿರುವ ಕನಗುರ್ತ ಎಂಬುದು ತೆಲುಗು ಪದ. ವಿಶಾಖಪಟ್ಟಣದಲ್ಲಿ ವೈದ್ಯ ಪ್ಯಾಟ್ರಿಕ್ ರಸೆಲ್ ಅಲ್ಲಿನವರನ್ನು ಕೇಳಿ ಬರೆದುಕೊಂಡ, ಅದೇ ನಿಂತಿತು. ತೆಲುಗರ ಮೇಲೆ ನಮಗೇನೂ ಹೊಟ್ಟೆಕಿಚ್ಚಿಲ್ಲ. ಬರೆದಿಟ್ಟದ್ದು ಉಳಿಯುತ್ತದೆ ಎಂದಷ್ಟೇ ನಮ್ಮ ವಾದ.

ಎಲ್ಲ ಮೊಬೈಲಿನಲ್ಲೇ ಸಿಗುತ್ತದಲ್ಲ ಎನ್ನುವವರಿದ್ದಾರೆ. ಫೋಟೋ ಸಿಗುತ್ತದೆ, ನಿಜ. ಆದರೆ ನಮ್ಮ ಅಜ್ಜಿ ಒಂದೇ ಮೀನಿಗೆ ಮರಿಯಾಗಿದ್ದಾಗ ಒಂದು, ಬಲಿತಾಗ ಇನ್ನೊಂದು ಹೆಸರು ಹೇಳುತ್ತಿದ್ದರೆ, ಅದನ್ನು ಯಾರಾದರೂ ಬರೆಯದೆ ಮೊಬೈಲಿಗೆ ಹೇಗೆ ಬಂದೀತು? ಇಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಹಮೂರ್ ಗೊತ್ತು, ಮುರು ಗೊತ್ತಿಲ್ಲ.

ಆದ್ದರಿಂದ ಸಂಘದ ಮುಂದೆ ನಮ್ಮದೊಂದು ಸಲಹೆ. ಮುಂದಿನ ಸಂಚಿಕೆಯಲ್ಲಿ ನಾಲ್ಕು ಪುಟ ಬಿಡೋಣ. ಮಕ್ಕಳು ಮೀನಿನ ಚಿತ್ರ ಬರೆಯಲಿ. ಕೆಳಗೆ ಕನ್ನಡ, ತುಳು, ಕೊಂಕಣಿ, ಬ್ಯಾರಿ, ಅರಬಿ ಹೆಸರುಗಳಿರಲಿ. ಬಯಲುಸೀಮೆಯವರು ಹಕ್ಕಿಗಳನ್ನು ಕೊಡಲಿ. ಪ್ರತಿ ಹೆಸರಿನ ಪಕ್ಕದಲ್ಲಿ ಅದನ್ನು ಹೇಳಿದವರ ಹೆಸರು ಮತ್ತು ಊರು ತಪ್ಪದೆ ಇರಲಿ. ಫೋರ್ಸ್ಕಾಲನ ಪುಸ್ತಕದಲ್ಲಿ ಬಿಟ್ಟುಹೋದ ಆ ಒಂದು ಸಾಲನ್ನು ನಾವು ಬರೆಯೋಣ.