ನಾವು ಆಡುವ ‘ಕನ್ನಡ್ ಗೊತ್ತಿಲ್ಲ’



ಈಚಿನ ದಿನಗಳಲ್ಲಿ ನಮ್ಮವರು ಸೇರುವ ಯಾವ ಊಟದ ಸಾಲಿನಲ್ಲಿ ನಿಂತರೂ ಕಿವಿಗೆ ಬೀಳುವ ಮಾತು ಒಂದೇ. ಅರೋರಾದ ಬಾಲಾಜಿ ದೇವಾಲಯದಲ್ಲಿ ಪ್ರಸಾದಕ್ಕೆ ತಟ್ಟೆ ಹಿಡಿದವರೂ, ಟ್ರಾಯ್‌ನ ಭಾರತೀಯ ದೇವಾಲಯದ ಬಾಗಿಲಲ್ಲಿ ಚಪ್ಪಲಿ ಹುಡುಕುವವರೂ ಅದನ್ನೇ ಕೇಳುತ್ತಾರೆ: “ನೀವು ಯಾವ ಊರು ನೋಡುತ್ತಿದ್ದೀರಿ? ಆಮ್ಸ್ಟರ್‌ಡ್ಯಾಮೋ, ಮ್ಯೂನಿಕ್ಕೋ?” ಹಲವು ಮನೆಗಳಲ್ಲಿ ಒಂದು ಕೋಷ್ಟಕವೇ ಸಿದ್ಧವಾಗಿದೆ. ಅಡ್ಡಸಾಲುಗಳಲ್ಲಿ ಯುರೋಪಿನ ನಗರಗಳು. ನೀಟಸಾಲುಗಳಲ್ಲಿ ಸಂಬಳ, ತೆರಿಗೆ, ಮನೆ ಬಾಡಿಗೆ, ಶಾಲೆ, ಬೆಂಗಳೂರಿಗೆ ನೇರ ವಿಮಾನ. ಕೊನೆಯಲ್ಲಿ ಒಂದು ನೀಟಸಾಲು: ‘ಇಂಗ್ಲಿಷ್ ಸಾಕೇ?’ ಸಾಕು ಎಂದಿದ್ದರೆ ಹಸಿರು ಬಣ್ಣ. ಸಾಲದು ಎಂದಿದ್ದರೆ ಕೆಂಪು ಬಣ್ಣ, ಮತ್ತು ಬಹುಮಟ್ಟಿಗೆ ಆ ಊರಿಗೆ ಅಲ್ಲಿಗೇ ಪೂರ್ಣವಿರಾಮ. ಅಂಥ ಮೂರು ನಾಲ್ಕು ಕೋಷ್ಟಕಗಳನ್ನು ಸ್ನೇಹಿತರು ನನಗೆ ತೋರಿಸಿದ್ದಾರೆ. ಈ ಲೇಖನ ಆ ಕೊನೆಯ ನೀಟಸಾಲಿನ ವಿರುದ್ಧ.

ಹೊರಡುವವರ ಮೇಲೆ ನನಗೆ ಆಕ್ಷೇಪವಿಲ್ಲ. ಅವರ ಸಂಕಟ ನಮಗೆಲ್ಲ ಗೊತ್ತಿರುವುದೇ. ಉದ್ಯೋಗಾಧಾರಿತ ಗ್ರೀನ್ ಕಾರ್ಡುಗಳು ವರ್ಷಕ್ಕೆ ಸುಮಾರು 1,40,000. ಯಾವುದೇ ಒಂದು ದೇಶಕ್ಕೆ ಶೇ. 7ರ ಮಿತಿ. ಹತ್ತು ಹದಿನೈದು ವರ್ಷ ತೆರಿಗೆ ಕಟ್ಟಿ, ಮನೆ ಕೊಂಡು, ಹಿಮ ಗುಡಿಸಿ ಬಾಳಿದವರು ಕೆಲಸ ಹೋದ ದಿನದಿಂದ ಹೆಚ್ಚೆಂದರೆ 60 ದಿನದ ಅತಿಥಿಗಳು. ಮಗು 21 ದಾಟಿದರೆ ತಂದೆ-ತಾಯಿಯ ಸರದಿಯಿಂದ ಹೊರಗೆ. 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗಳ ಮೇಲೆ 1,00,000 ಡಾಲರ್ ಶುಲ್ಕದ ಘೋಷಣೆ ಹೊರಟಾಗ ಎಷ್ಟು ಮನೆಗಳಲ್ಲಿ ಆ ರಾತ್ರಿ ನಿದ್ರೆ ಇರಲಿಲ್ಲವೆಂಬುದನ್ನು ವಿವರಿಸಬೇಕಾಗಿಲ್ಲ. ಮನುಷ್ಯ ನೆಲೆ ಹುಡುಕುವುದು ತಪ್ಪಲ್ಲ.

ತಪ್ಪಿರುವುದು ಹುಡುಕುವ ರೀತಿಯಲ್ಲಿ. 2024ರ ಜುಲೈಯಲ್ಲಿ ಕರ್ನಾಟಕದ ಸಚಿವ ಸಂಪುಟ ಖಾಸಗಿ ಉದ್ಯಮಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ನೀಡುವ ಮಸೂದೆಗೆ ಒಪ್ಪಿಗೆ ಕೊಟ್ಟು, ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಿತು. ಕನ್ನಡ ಓದಲು, ಬರೆಯಲು, ಮಾತನಾಡಲು ಬಲ್ಲವರೇ ಸ್ಥಳೀಯರು ಎಂಬ ಅಂಶ ಅದರಲ್ಲಿತ್ತು. ನಮ್ಮ ವಾಟ್ಸ್ಯಾಪ್ ಗುಂಪುಗಳು ಆ ವಾರ ಕುದಿದವು. ಅದಕ್ಕೂ ಮೊದಲು ನಾಮಫಲಕಗಳಲ್ಲಿ ಶೇ. 60 ಕನ್ನಡ ಕಡ್ಡಾಯವಾದಾಗ ಇಲ್ಲಿಂದಲೇ ಚಪ್ಪಾಳೆ ತಟ್ಟಿದೆವು. ಬೆಂಗಳೂರಿನಲ್ಲಿ ಹತ್ತು ವರ್ಷವಿದ್ದೂ ತರಕಾರಿಯವನಿಗೆ “ಕನ್ನಡ್ ಗೊತ್ತಿಲ್ಲ” ಎನ್ನುವ ತಂತ್ರಜ್ಞನನ್ನು ಅಣಕಿಸುವ ಪ್ರಹಸನಕ್ಕೆ ನಮ್ಮ ರಾಜ್ಯೋತ್ಸವದ ವೇದಿಕೆಗಳಲ್ಲಿ ಇಂದಿಗೂ ನಗೆ ಖಚಿತ. ನಾನೂ ನಕ್ಕಿದ್ದೇನೆ, ಆ ತಂತ್ರಜ್ಞ ಟೀಕೆಗೆ ಅರ್ಹನೆಂದು ಈಗಲೂ ನಂಬುತ್ತೇನೆ. ಆದರೆ ಅದೇ ಸಭಾಂಗಣದಿಂದ ಮನೆಗೆ ಬಂದು, ಲ್ಯಾಪ್‌ಟಾಪ್ ತೆರೆದು, ‘ಇಂಗ್ಲಿಷ್ ಸಾಕೇ?’ ಎಂದು ನಗರಗಳನ್ನು ಸೋಸುವವರು ಯಾರು? ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ವೈಟ್‌ಫೀಲ್ಡಿನ ಆ ಅಪರಾಧಿ ಮಾಡಿದ್ದು ಇದನ್ನೇ. ಅವನ ಕೋಷ್ಟಕದಲ್ಲಿ ಬೆಂಗಳೂರಿನ ಮುಂದೆ ಹಸಿರು ಬಣ್ಣವಿತ್ತು.

ನೈತಿಕತೆಯನ್ನು ಒತ್ತಟ್ಟಿಗಿಡೋಣ, ಲೆಕ್ಕಾಚಾರವನ್ನೇ ನೋಡೋಣ. ಆ ‘ಸಾಕು’ ಎಂಬುದು ಯಾರಿಗೆ ಸಾಕು? ಕೋಷ್ಟಕ ತುಂಬಿದವರು ಸಾಮಾನ್ಯವಾಗಿ ಮನೆಯ ತಂತ್ರಾಂಶದ ಉದ್ಯೋಗಿ; ಅವರ ಸಭೆ ಇಂಗ್ಲಿಷಿನಲ್ಲಿ, ಅವರ ಕೋಡ್ ಇಂಗ್ಲಿಷಿನಲ್ಲಿ. ಸಂಗಾತಿಯ ವಿಷಯಕ್ಕೆ ಬನ್ನಿ. ಜರ್ಮನಿಯ ಬ್ಲೂ ಕಾರ್ಡ್ ಹೊಂದಿದವರ ಪತಿ ಅಥವಾ ಪತ್ನಿಗೆ ಮೊದಲ ದಿನದಿಂದಲೇ ಕೆಲಸ ಮಾಡುವ ಹಕ್ಕಿದೆ. ಎಚ್-4ರಲ್ಲಿ ವರ್ಷಗಟ್ಟಲೆ ಕೈಕಟ್ಟಿ ಕುಳಿತವರಿಗೆ ಇದು ವರವೆಂದು ತೋರುವುದು ಸಹಜ. ಆದರೆ ಹಕ್ಕು ಬೇರೆ, ಕೆಲಸ ಬೇರೆ. ನೇಪರ್‌ವಿಲ್‌ನಲ್ಲಿ ಬಾಲಶಿಕ್ಷಣದ ತರಬೇತಿ ಪಡೆದವರು, ನೋವೈಯಲ್ಲಿ ದಂತವೈದ್ಯರ ಚಿಕಿತ್ಸಾಲಯದ ಲೆಕ್ಕ ಬರೆಯುತ್ತಿದ್ದವರು ಮ್ಯೂನಿಕ್ಕಿಗೆ ಹೋದರೆ ಅವರ ಕೆಲಸವಿರುವುದು ಜರ್ಮನ್ ಭಾಷೆಯಲ್ಲಿ. ಭಾಷೆ ಕಲಿಯದಿದ್ದರೆ ಹೊಸ ಊರಿನಲ್ಲಿಯೂ ಅದೇ ಹಳೆಯ ಎಚ್-4. ವ್ಯತ್ಯಾಸವಿಷ್ಟೇ: ಈ ಬಾರಿ ಅದನ್ನು ಕೊಟ್ಟದ್ದು ಸರಕಾರವಲ್ಲ, ನಮ್ಮ ಮನೆಯ ಕೋಷ್ಟಕ.

ಮಕ್ಕಳ ವಿಷಯ ಇನ್ನೂ ಗಂಭೀರ. ಬವೇರಿಯಾ ರಾಜ್ಯದಲ್ಲಿ ನಾಲ್ಕನೆಯ ತರಗತಿ ಮುಗಿಯುವಾಗಲೇ ಮಗು ಗಿಮ್ನಾಜಿಯುಮ್ ಎಂಬ ವಿದ್ಯಾಮಾರ್ಗಕ್ಕೆ ಹೋಗುವುದೋ ಬೇರೆ ಶಾಲೆಗೋ ಎಂಬುದು ತೀರ್ಮಾನವಾಗುತ್ತದೆ. ನೇರ ಅರ್ಹತೆಗೆ ಜರ್ಮನ್, ಗಣಿತ, ಪರಿಸರ ಪಾಠ, ಈ ಮೂರರ ಸರಾಸರಿ ಶ್ರೇಣಿ 2.33 ಅಥವಾ ಅದಕ್ಕಿಂತ ಉತ್ತಮವಾಗಿರಬೇಕು. ಅಲ್ಲಿ 1 ಅತ್ಯುತ್ತಮ, 6 ಅತಿ ಕೆಳಗೆ. ಗಣಿತದಲ್ಲಿ ಎಷ್ಟೇ ಚುರುಕಾದರೂ ಭಾಷೆ ಬಾರದ ಮಗು ಎಡವುವುದು ಇಲ್ಲಿಯೇ. ಬರ್ಲಿನ್ನಿನಲ್ಲಿ ಈ ಕವಲು ಆರನೆಯ ತರಗತಿಯ ನಂತರ ಬರುತ್ತದೆ. ಎರಡು ವರ್ಷ ಹೆಚ್ಚಿಗೆ ಸಿಗುತ್ತದೆ. ನಾನು ನೋಡಿದ ಯಾವ ಕೋಷ್ಟಕದಲ್ಲಿಯೂ ಈ ಎರಡು ವರ್ಷಗಳಿಗೆ ಜಾಗವಿರಲಿಲ್ಲ. ವಿಮಾನದ ಅವಧಿಗೆ ಇತ್ತು. ಅಂತಾರಾಷ್ಟ್ರೀಯ ಶಾಲೆಗೆ ಹಾಕುತ್ತೇವೆ ಎನ್ನುವವರು ಅದರ ಶುಲ್ಕವನ್ನು ಸಂಬಳದಿಂದ ಕಳೆದು ಮತ್ತೊಮ್ಮೆ ಕೂಡಲಿ. ಮಗುವಿಗೆ ಈಗಾಗಲೇ ಹದಿನಾಲ್ಕೋ ಹದಿನೈದೋ ಆಗಿದ್ದರೆ ಜರ್ಮನಿಯ ಆಲೋಚನೆಯನ್ನೇ ಬಿಡುವುದು ಒಳಿತೆಂದು ನನ್ನ ಖಚಿತ ಅಭಿಪ್ರಾಯ.

ಮುಂದೆ ಕಾನೂನು. ಇಲಿನಾಯಿಯಲ್ಲೂ ಮಿಶಿಗನ್ನಿನಲ್ಲೂ ಸಾಮಾನ್ಯವಾಗಿ ಕಾರಣ ಕೊಡದೆಯೇ ಕೆಲಸದಿಂದ ತೆಗೆಯಬಹುದು. ಜರ್ಮನಿಯಲ್ಲಿ ಹಾಗಿಲ್ಲ ಎಂದು ನಮ್ಮವರು ಬೀಗುತ್ತಾರೆ. ನಿಜ: ಹತ್ತಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ಆರು ತಿಂಗಳು ದುಡಿದವರಿಗೆ ಕಾನೂನಿನ ರಕ್ಷಣೆಯಿದೆ, ವಜಾಪತ್ರ ಸಹಿಯಿರುವ ಕಾಗದದಲ್ಲಿಯೇ ಬರಬೇಕು. ಆದರೆ ಅದನ್ನು ಪ್ರಶ್ನಿಸಲು ಇರುವುದು ಮೂರು ವಾರ ಮಾತ್ರ, ಮತ್ತು ನ್ಯಾಯಾಲಯದ ಭಾಷೆ ಜರ್ಮನ್. ಪತ್ರ ಓದಿಸಿಕೊಳ್ಳಲು ನೆರೆಮನೆಯವರನ್ನು ಹುಡುಕುವವನಿಗೆ ಆ ಮೂರು ವಾರ ಎಷ್ಟು ಬೇಗ ಕಳೆದಾವು! ನಮ್ಮಲ್ಲಿ ಹಲವರು ಅಮೆರಿಕ ಬಿಡುತ್ತಿರುವುದೇ ಅಭದ್ರತೆಗೆ ಬೇಸತ್ತು. ಅಲ್ಲಿನ ಭದ್ರತೆ ಬರೆದಿರುವ ಭಾಷೆಯನ್ನು ಓದಲಾರದವನಿಗೆ ಅದು ಇದ್ದೂ ಇಲ್ಲದಂತೆ.

ನೆಲೆಯ ಮಾತಂತೂ ಇನ್ನೂ ಸ್ಪಷ್ಟ. ಬ್ಲೂ ಕಾರ್ಡ್ ಉಳ್ಳವರಿಗೆ ಎ1 ಎಂಬ ಪ್ರಾಥಮಿಕ ಮಟ್ಟದ ಜರ್ಮನ್ ಬಂದರೆ 27 ತಿಂಗಳಿಗೆ ಕಾಯಂ ವಾಸದ ಅರ್ಹತೆ. ಬಿ1 ಎಂಬ ಮಧ್ಯಮ ಮಟ್ಟ ಮುಟ್ಟಿದರೆ 21 ತಿಂಗಳಿಗೇ. ಪೌರತ್ವಕ್ಕೆ ಈಗ ಐದು ವರ್ಷದ ವಾಸ, ಜೊತೆಗೆ ಬಿ1. ಇಲ್ಲಿ ಸರದಿಯ ಕೊನೆ ಕಾಣದೆ ನಿಂತವರಿಗೆ ಅಲ್ಲಿನ ಸರದಿಯನ್ನು ಮುಂದೆ ತಳ್ಳುವ ಕೀಲಿ ತಮ್ಮ ನಾಲಗೆಯ ಮೇಲೆಯೇ ಇದೆ. ಅದನ್ನೇ ನಾವು ಕೆಂಪು ಬಣ್ಣದಲ್ಲಿ ಗುರುತಿಸಿ ಅಳಿಸುತ್ತೇವೆ.

ಕೋಷ್ಟಕಗಳ ರಾಜ ಆಮ್ಸ್ಟರ್‌ಡ್ಯಾಮ್. ಅಲ್ಲಿ ಇಂಗ್ಲಿಷ್ ನಡೆಯುತ್ತದೆ, ಅನುಮಾನವಿಲ್ಲ. ನುರಿತ ಉದ್ಯೋಗಿಗಳಿಗೆ ಡಚ್ ಕಲಿಕೆಯ ಕಡ್ಡಾಯವೂ ಇಲ್ಲ. ಕಾಯಂ ವಾಸ ಅಥವಾ ಪೌರತ್ವ ಬೇಕೆಂದಾಗ ಪರೀಕ್ಷೆ ಎದುರಾಗುತ್ತದೆ. ಸಂಬಳದ ಶೇ. 30ರವರೆಗೆ ತೆರಿಗೆ ವಿನಾಯಿತಿ ಎಂಬ ಆಕರ್ಷಣೆಯನ್ನು ಎಲ್ಲರೂ ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ. ಅದು ಐದೇ ವರ್ಷ, ಮತ್ತು 2027ರಿಂದ ಶೇ. 27ಕ್ಕೆ ಇಳಿಯುತ್ತದೆ ಎಂಬುದು ಸಣ್ಣ ಅಕ್ಷರದಲ್ಲಿಯೂ ಇಲ್ಲ. ವಿನಾಯಿತಿಗಳು ಏಕೆ ಕುಗ್ಗುತ್ತಿವೆ? ಮನೆಗಳ ಬರ ತಟ್ಟಿದ ದೇಶದಲ್ಲಿ ಸ್ಥಳೀಯರು ಕೇಳುತ್ತಿರುವ ಪ್ರಶ್ನೆ ನಮಗೆ ಅಪರಿಚಿತವಲ್ಲ: ಹೆಚ್ಚು ಸಂಬಳ ತಂದು, ಬಾಡಿಗೆ ಏರಿಸಿ, ನಮ್ಮ ನುಡಿಯ ಒಂದು ಪದವನ್ನೂ ಕಲಿಯದೆ ಹೋಗುವ ಇವರು ಯಾರು? ಇದನ್ನೇ ನಾವು ಜಯನಗರದ ಜಗಲಿಯಲ್ಲಿ ಕುಳಿತು ಕೇಳಿದರೆ ಅದು ಸ್ವಾಭಿಮಾನ. ಹಾಲೆಂಡಿನವರು ಕೇಳಿದರೆ ವರ್ಣದ್ವೇಷ! ಅಲ್ಲಿ ವರ್ಣದ್ವೇಷವೇ ಇಲ್ಲವೆಂದು ನಾನು ಹೇಳಲಾರೆ. ಆದರೆ ಪ್ರಶ್ನೆಯಲ್ಲಿ ನ್ಯಾಯದ ಪಾಲೂ ಇದೆ, ಅದನ್ನು ಮೊದಲು ಗುರುತಿಸಬೇಕಾದವರು ಕನ್ನಡಿಗರು.

ಇಂಗ್ಲಿಷ್ ಬಿಟ್ಟು ಬೇರೆ ಕಲಿಯಲು ಸಾಧ್ಯವೇ ಇಲ್ಲವೆನ್ನುವವರಿಗೆ ಡಬ್ಲಿನ್ ಇದೆ. ಅಲ್ಲಿ ಬೀದಿಯ ಭಾಷೆಯೇ ಇಂಗ್ಲಿಷ್; ಯಾರಿಗೂ ಮೋಸವಿಲ್ಲ. ಬಾಡಿಗೆ ಮನೆಯ ಬವಣೆಯನ್ನು ತಿಳಿದು ಹೋಗಲಿ. ಐರಿಷ್ ನುಡಿ ಆ ದೇಶದ ಸಂವಿಧಾನದಲ್ಲಿ ಪ್ರಥಮ ಅಧಿಕೃತ ಭಾಷೆ, ಬಹುಪಾಲು ಮನೆಗಳಲ್ಲಿ ಮಾತ್ರ ಅದು ಕೇಳಿಸದು. ಕನ್ನಡಿಗನೊಬ್ಬ ಅಲ್ಲಿ ಕೆಲವು ವರ್ಷ ಇದ್ದು ಬರುವುದು ಒಳ್ಳೆಯ ಪಾಠವೇ ಆದೀತು.

ಡೆಟ್ರಾಯಿಟ್ ಕಡೆಯ ಬಂಧುಗಳಲ್ಲಿ ವಾಹನೋದ್ಯಮದವರೇ ಹೆಚ್ಚು. ಡಿಯರ್‌ಬಾರ್ನ್, ವಾರೆನ್, ಆಬರ್ನ್ ಹಿಲ್ಸ್‌ಗಳಲ್ಲಿ ಎಂಜಿನು-ಬ್ಯಾಟರಿಗಳ ನಡುವೆ ಪಳಗಿದವರಿಗೆ ಸಹಜವಾದ ಊರು ಸ್ಟುಟ್‌ಗಾರ್ಟ್. ಅಲ್ಲಿನ ಬಾಷ್ ಮತ್ತು ಮರ್ಸಿಡಿಸ್ ಎರಡಕ್ಕೂ ಬೆಂಗಳೂರಿನಲ್ಲಿ ದೊಡ್ಡ ಸಂಶೋಧನಾ ಕೇಂದ್ರಗಳಿವೆ. ಮೈಕೋ ಕಾಲದಿಂದ ನಮಗೆ ಆ ನಂಟು. ಆದರೂ ಕೋಷ್ಟಕದಲ್ಲಿ ಸ್ಟುಟ್‌ಗಾರ್ಟ್ ಕೆಂಪು, ಏಕೆಂದರೆ ಅಲ್ಲಿ ಜರ್ಮನ್ ಬೇಕು. ಈ ಊರನ್ನು ಅಳಿಸುವ ಕನ್ನಡಿಗನಿಗೆ ಒಂದು ಮಾತು ನೆನಪಿಸಬೇಕು. ಆ ಸೀಮೆಯ ಬ್ರಾಕನ್‌ಹೈಮ್‌ನಲ್ಲಿ 1811ರಲ್ಲಿ ಹುಟ್ಟಿದ ಹರ್ಮನ್ ಮೋಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದು, 1843ರಲ್ಲಿ ‘ಮಂಗಳೂರ ಸಮಾಚಾರ’ ಎಂಬ ಮೊದಲ ಕನ್ನಡ ಪತ್ರಿಕೆಯನ್ನು ಹೊರತಂದರು. ಫರ್ಡಿನೆಂಡ್ ಕಿಟ್ಟೆಲ್ 1853ರಲ್ಲಿ ಬಂದರು. 1894ರಲ್ಲಿ ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟನ್ನು ನಮ್ಮ ಕೈಗಿತ್ತರು. ಮೋಗ್ಲಿಂಗ್ ತೀರಿಕೊಂಡದ್ದು ಸ್ಟುಟ್‌ಗಾರ್ಟಿನ ಪಕ್ಕದ ಎಸ್ಲಿಂಗನ್‌ನಲ್ಲಿ, ಕಿಟ್ಟೆಲ್ ಅಲ್ಲಿಗೆ ಹತ್ತಿರದ ಟ್ಯೂಬಿಂಗನ್‌ನಲ್ಲಿ. ಅವರು ಬಂದದ್ದು ಮತಪ್ರಚಾರಕ್ಕೆ, ಸರಿ. ನಾವೂ ಹೋಗುತ್ತಿರುವುದು ಸಂಬಳಕ್ಕೇ. ಉದ್ದೇಶ ಏನಿದ್ದರೂ ಅವರು ನಮ್ಮ ಒತ್ತಕ್ಷರ ಕಲಿತರು. ನಮಗೆ ಅವರ ‘ಡೆರ್, ಡೀ, ದಾಸ್’ ಭಾರವಾಯಿತು.

“ನಲವತ್ತೆರಡು ವರ್ಷಕ್ಕೆ ಹೊಸ ಭಾಷೆ ತಲೆಗೆ ಹತ್ತುವುದೇ?” ಎಂಬ ಆಕ್ಷೇಪ ಕೇಳಿದ್ದೇನೆ. ಎರಡು ವರ್ಷಕ್ಕೊಮ್ಮೆ ಹೊಸ ಪ್ರೋಗ್ರಾಮಿಂಗ್ ಭಾಷೆ ಕಲಿಯುವವರ ಬಾಯಲ್ಲಿ ಈ ಮಾತು ಶೋಭಿಸದು. ಹೆಚ್ಚು ಭಾರವುಳ್ಳ ಆಕ್ಷೇಪ ಬೇರೆ: ಮಕ್ಕಳಿಗೆ ಈಗಲೇ ಕನ್ನಡ ಉಳಿಸಲು ಹೆಣಗುತ್ತಿದ್ದೇವೆ, ಮೂರನೆಯ ಭಾಷೆ ಬಂದರೆ ಕನ್ನಡ ಸಾಯುತ್ತದೆ. ಇದನ್ನು ಹಗುರವಾಗಿ ತಳ್ಳಲಾರೆ. ಆದರೆ ಕನ್ನಡವನ್ನು ಕೊಲ್ಲುತ್ತಿರುವುದು ಯಾವುದು? ಶನಿವಾರ ಭಾನುವಾರ ಕನ್ನಡ ತರಗತಿಯಿಂದ ಹಿಂದಿರುಗುವ ಕಾರಿನಲ್ಲಿ ನಮ್ಮ ಮಕ್ಕಳು ನಮಗೆ ಉತ್ತರಿಸುವುದು ಇಂಗ್ಲಿಷಿನಲ್ಲಿ, ಏಕೆಂದರೆ ನಾವೂ ಅವರೊಡನೆ ಇಂಗ್ಲಿಷಿಗೆ ಜಾರುತ್ತೇವೆ. ಮನೆಯೊಳಗಿನ ಕನ್ನಡದ ಪ್ರತಿಸ್ಪರ್ಧಿ ನಮ್ಮದೇ ನಾಲಗೆಯ ಇಂಗ್ಲಿಷ್. ಹೊರಗೆ ಜರ್ಮನ್ ಅಥವಾ ಡಚ್ ಇರುವ ಊರಿನಲ್ಲಿ ಹೊರಗಿನ ನುಡಿ ಹೊರಗೇ ಉಳಿದು, ಅಡುಗೆಮನೆ ಕನ್ನಡಕ್ಕೆ ಉಳಿಯುವ ಸಾಧ್ಯತೆ ಹೆಚ್ಚೆಂದು ನನಗನ್ನಿಸುತ್ತದೆ. ‘ಇಂಗ್ಲಿಷ್ ಸಾಕು’ ಎನ್ನುವ ಊರನ್ನು ಆರಿಸಿಕೊಂಡವರು ಅಲ್ಲಿಗೂ ಷಾಂಬರ್ಗನ್ನೇ ಹೊತ್ತೊಯ್ಯುತ್ತಾರೆ.

ಇದಕ್ಕೆ ಸಾಕ್ಷಿಯನ್ನು ದೂರ ಹುಡುಕಬೇಕಿಲ್ಲ. ಪ್ರತಿ ಮೇ ತಿಂಗಳಲ್ಲಿ ಟುಲಿಪ್ ನೋಡಲು ನಾವು ಕುಟುಂಬಸಮೇತ ಹೋಗುವ ಮಿಶಿಗನ್ನಿನ ಹಾಲೆಂಡ್ ಪಟ್ಟಣವನ್ನು 1847ರಲ್ಲಿ ಕಟ್ಟಿದವರು ಡಚ್ಚರು. ಕ್ರಿಸ್ಮಸ್ ದೀಪಗಳಿಗೆಂದು ಹೋಗುವ ಫ್ರಾಂಕೆನ್‌ಮುತ್ 1845ರಲ್ಲಿ ಬವೇರಿಯಾದವರು ನೆಲೆಸಿದ ಊರು. ಶಿಕಾಗೋದಲ್ಲಿ ಜರ್ಮನ್ ದಿನಪತ್ರಿಕೆ ದಶಕಗಟ್ಟಲೆ ನಡೆಯುತ್ತಿತ್ತು. ಇಗರ್ಜಿ, ಶಾಲೆ, ಪತ್ರಿಕೆ ಎಲ್ಲವನ್ನೂ ಕಟ್ಟಿಕೊಂಡ ಆ ಜನರ ನುಡಿ ಈಗ ಅಲ್ಲಿ ಅಂಗಡಿಯ ಫಲಕದಲ್ಲಿ, ತಿಂಡಿಯ ಹೆಸರಿನಲ್ಲಿ ಉಳಿದಿದೆ. ಹಾಲೆಂಡಿನ ಗಾಳಿಯಂತ್ರದ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುವಾಗ ನಮ್ಮ ವಿದ್ಯಾರಣ್ಯ ಕನ್ನಡ ಕೂಟವೂ ಪಂಪ ಕನ್ನಡ ಕೂಟವೂ ನನಗೆ ನೆನಪಾಗುತ್ತವೆ. ಆ ಯೋಚನೆಯನ್ನು ಮುಂದುವರಿಸಲು ಧೈರ್ಯ ಸಾಲುವುದಿಲ್ಲ.

ಆದ್ದರಿಂದ ಹೊರಡಲು ಸಿದ್ಧರಾದವರಲ್ಲಿ ನನ್ನ ಕೋರಿಕೆ ಇಷ್ಟು. ಕೊನೆಯ ನೀಟಸಾಲನ್ನು ಅಳಿಸಿ, ಅಲ್ಲಿ ‘ಈ ಊರಿನ ಭಾಷೆಗೆ ವಾರಕ್ಕೆ ಎಷ್ಟು ಸಂಜೆ ಕೊಡುತ್ತೇವೆ?’ ಎಂದು ಬರೆಯಿರಿ. ಗಂಡ, ಹೆಂಡತಿ, ಮಕ್ಕಳು ಪ್ರತ್ಯೇಕವಾಗಿ ಉತ್ತರ ತುಂಬಲಿ. ಅರ್ಜಿ ಹಾಕುವ ಮೊದಲೇ ಆರು ತಿಂಗಳು ಕಲಿತು ನೋಡಿ. ಶಿಕಾಗೋದಲ್ಲಿಯೇ ಗ್ಯೋಟೆ ಸಂಸ್ಥೆಯಿದೆ, ಮನೆಯಲ್ಲೇ ಕುಳಿತು ಕಲಿಯುವ ಪಾಠಗಳಿಗೂ ಕೊರತೆಯಿಲ್ಲ. ಸೊನ್ನೆ ಎಂಬ ಉತ್ತರ ಬಂದ ನಗರವನ್ನು, ಸಂಬಳ ಎಷ್ಟೇ ಇರಲಿ, ತೆಗೆದುಹಾಕಿ. ಎಲ್ಲ ನಗರಗಳೂ ಹೋಗಿ ಡಬ್ಲಿನ್ ಒಂದೇ ಉಳಿದರೆ ಅಲ್ಲಿಗೇ ಹೋಗಿ. ಅದೂ ಬೇಡವಾದರೆ ನೇಪರ್‌ವಿಲ್‌ನಲ್ಲಿಯೇ ಇರಿ, ಭಾನುವಾರದ ಕನ್ನಡ ತರಗತಿಗೆ ಪಾಠ ಹೇಳುವವರು ಬೇಕಾಗಿದ್ದಾರೆ. ಮತ್ತು ಮುಂದಿನ ರಾಜ್ಯೋತ್ಸವಕ್ಕೆ ಪ್ರಹಸನ ಬರೆಯುವ ಮಿತ್ರರೇ, ಆ ‘ಕನ್ನಡ್ ಗೊತ್ತಿಲ್ಲ’ ಪಾತ್ರವನ್ನು ಈ ಸಲ ಆಮ್ಸ್ಟರ್‌ಡ್ಯಾಮಿಗೆ ಕಳುಹಿಸಿ. ವೇಷಭೂಷಣ ಬದಲಿಸಬೇಕಾಗಿಲ್ಲ.