ಮೇಲುಕೋಟೆಯಲ್ಲಿ ಒಂದು ಹಗಲು

ಕಳೆದ ತಿಂಗಳು ಮೈಸೂರಿನಲ್ಲಿ ಬಂಧುಗಳೊಬ್ಬರ ಮನೆಯ ಮದುವೆ ಮುಗಿದ ಮೇಲೆ, ಮುಂಬಯಿಯ ರೈಲಿಗೆ ಇನ್ನೂ ಒಂದು ದಿನ ಉಳಿದಿದ್ದುದರಿಂದ, ಮೇಲುಕೋಟೆಗೆ ಹೋಗಿಬಂದೆನು. ಮೈಸೂರಿನಿಂದ ಸುಮಾರು 50 ಕಿಲೋಮೀಟರು. ಬೆಳಿಗ್ಗೆ ಹೊರಟರೆ ಸಂಜೆಯ ಹೊತ್ತಿಗೆ ಹಿಂದಿರುಗಬಹುದು. ಅಲ್ಲಿಗೆ ಹೋಗಬೇಕೆಂಬ ಆಸೆ ಮೊದಲು ನನ್ನದಾಗಿರಲಿಲ್ಲ. ಅದು ಇನ್ನೊಬ್ಬರ ಆಸೆಯಾಗಿತ್ತು. ಆ ವಿಷಯವನ್ನು ಮುಂದೆ ಹೇಳುತ್ತೇನೆ.

ಬೆಟ್ಟದ ತುದಿಯಲ್ಲಿ ಯೋಗಾನರಸಿಂಹನ ಗುಡಿ, ಕೆಳಗೆ ಕಲ್ಯಾಣಿ, ಊರಿನೊಳಗೆ ಚೆಲುವನಾರಾಯಣನ ದೇವಾಲಯ. ವೈರಮುಡಿ ಉತ್ಸವದ ಜನಜಂಗುಳಿ ಇಲ್ಲದ ದಿನಗಳಲ್ಲಿ ಈ ಊರಿನಷ್ಟು ನಿಶ್ಶಬ್ದವಾದ ಊರು ಅಪರೂಪ. ಕಲ್ಯಾಣಿಯ ಮೆಟ್ಟಿಲಿನ ಮೇಲೆ ಒಂದು ಗಂಟೆ ಕುಳಿತಿದ್ದೆನು; ಪಾತ್ರೆಯ ಸದ್ದಿಲ್ಲ, ಗಿರಾಕಿಯ ಕೂಗಿಲ್ಲ. ಇಪ್ಪತ್ತು ವರ್ಷ ಗಲ್ಲಾದ ಹಿಂದೆ ಕುಳಿತ ಕಿವಿಗೆ ಅದು ಮೊದಲು ಹಿತವೆನಿಸಲಿಲ್ಲ, ಭಯವೆನಿಸಿತು.

ಹನ್ನೆರಡನೆಯ ಶತಮಾನದಲ್ಲಿ ಶ್ರೀ ರಾಮಾನುಜಾಚಾರ್ಯರು ತಮಿಳುನಾಡನ್ನು ಬಿಟ್ಟು ಬಂದು ಇಲ್ಲಿ ನೆಲೆಸಿದರು. ಅವರ ಪರಂಪರೆಯ ಕುಟುಂಬಗಳು ಮನೆಯೊಳಗೆ ಇಂದಿಗೂ ಒಂದು ಬಗೆಯ ತಮಿಳನ್ನೇ ಆಡುತ್ತವೆ, ಬೀದಿಯಲ್ಲಿ ಕನ್ನಡ. 1905ರಲ್ಲಿ ಇಲ್ಲಿ ಹುಟ್ಟಿದ ಪು.ತಿ.ನ. ಅವರು ಆ ಬೀದಿಯ ಮಾತಿನಲ್ಲಿಯೇ ಮಹಾಕವಿಗಳಾದರು. ಪರಸ್ಥಳದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಾವು ಇದನ್ನು ಸ್ವಲ್ಪ ಯೋಚಿಸಬೇಕು. ಇಲ್ಲಿಯ ಉತ್ಸವಮೂರ್ತಿ ದಿಲ್ಲಿಯ ಸುಲ್ತಾನನ ಅರಮನೆಯಿಂದ ಬಂದುದೆಂದೂ, ಅದನ್ನು ಅಗಲಲಾರದೆ ಸುಲ್ತಾನನ ಮಗಳೂ ಹಿಂಬಾಲಿಸಿ ಬಂದಳೆಂದೂ ಸ್ಥಳಪುರಾಣವುಂಟು. ದಿಲ್ಲಿಯ ಓದುಗರಿಗೆ ಅದು ರುಚಿಸೀತು.

ಆದರೆ ನಮ್ಮ ವೃತ್ತಿಯವರು ಮೇಲುಕೋಟೆಯನ್ನು ಬಲ್ಲುದು ಪುಳಿಯೋಗರೆಯಿಂದ. ನನ್ನ ಹೋಟೆಲಿನಲ್ಲಿ ಹನ್ನೊಂದು ವರ್ಷ ಅಡುಗೆ ಮಾಡಿದ ಭಟ್ಟರ ಪುಳಿಯೋಗರೆಗೆ ಶನಿವಾರ ಗಿರಾಕಿಗಳು ಕಾದು ನಿಲ್ಲುತ್ತಿದ್ದರು. ಮೇಲುಕೋಟೆಯನ್ನು ಅವರು ಕಂಡವರಲ್ಲ. ಒಮ್ಮೆ ಊರಿಗೆ ಹೊರಟಾಗ, ಅಲ್ಲಿಗೂ ಹೋಗಿಬರಲು ಎರಡು ದಿನದ ರಜೆಯನ್ನು ಹೆಚ್ಚಾಗಿ ಕೇಳಿದರು. ಹಬ್ಬದ ಸೀಸನ್ ಎಂದು ನಾನು ಇಲ್ಲವೆಂದೆನು. ಮರುವರ್ಷವೂ ಇಲ್ಲವೆಂದೆನು. ಮೂರನೆಯ ಸಲ ಅವರು ಕೇಳಲಿಲ್ಲ. ಈಗ ಮೊಣಕಾಲು ಸೋತು ಊರಿನಲ್ಲಿದ್ದಾರೆ. ಆ ಬೆಟ್ಟದ ಮೆಟ್ಟಿಲನ್ನು ಅವರು ಇನ್ನು ಹತ್ತಲಾರರು.

ವಾರಕ್ಕೊಂದು ದಿನದ ರಜೆಯನ್ನು ಮುಂಬಯಿಯ ಹೋಟೆಲು ಕೆಲಸಗಾರರಿಗೆ 1948ರ ಕಾನೂನೇ ಕೊಟ್ಟಿತ್ತು. ಮಹಾರಾಷ್ಟ್ರದ 2017ರ ಕಾನೂನು ಎಡೆಬಿಡದ 24 ಗಂಟೆಗಳ ವಿಶ್ರಾಂತಿ ಎನ್ನುತ್ತದೆ. ನಾವು ಮಾಲೀಕರು ಅದನ್ನು ಹೇಗೆ ಕೊಡುತ್ತೇವೆ? ಬೆಳಗಿನ ಇಡ್ಲಿ ಮುಗಿಸಿ ಹೋಗು, ರಾತ್ರಿ ಅಕ್ಕಿ ನೆನೆಹಾಕಲು ಬಾ ಎಂದು. ಇದು ರಜೆಯಲ್ಲ. ನಾನೂ ಹಾಗೆಯೇ ಕೊಟ್ಟವನು. ಆದುದರಿಂದ ಇತರರನ್ನು ದೂರುವ ಅಧಿಕಾರ ನನಗೆ ಕಡಿಮೆ, ಹೇಳುವ ಹೊಣೆ ಹೆಚ್ಚು. ಇಡೀ ದಿನ ಸಿಕ್ಕಿದರೆ ಪುಣೆಯ ಹುಡುಗ ಸಿಂಹಗಡವನ್ನು ನೋಡಿಬರುತ್ತಾನೆ, ಮುಂಬಯಿಯವನು ಕಾರ್ಲೆಯ ಗುಹೆಗಳನ್ನು. ಇಲ್ಲವಾದರೆ ಅವನು ಹತ್ತು ವರ್ಷವಿದ್ದರೂ ಕಾಣುವುದು ಅಡುಗೆಮನೆ ಮತ್ತು ಮಲಗುವ ಅಟ್ಟ ಮಾತ್ರ. ಕೆಲಸಗಾರ ಬಂಧುಗಳೂ ಸಿಕ್ಕ ದಿನವನ್ನೆಲ್ಲ ಮೊಬೈಲು ನೋಡುತ್ತ ಕಳೆಯಬಾರದು.

ಹಿಂದಿರುಗುವಾಗ ಪುಳಿಯೋಗರೆ ಗೊಜ್ಜಿನ ಒಂದು ಪೊಟ್ಟಣವನ್ನು ಕೊಂಡು ಭಟ್ಟರಿಗೆ ಅಂಚೆಯಲ್ಲಿ ಕಳುಹಿಸಿದೆನು. ಬೆಲ್ಲ ತುಸು ಹೆಚ್ಚಾಗಿದೆಯೆಂದು ಅವರು ಫೋನಿನಲ್ಲಿ ತಿಳಿಸಿದರು.