ಪ್ರತಿಕಾಯದ ಓಲೆಕಾರ

ಚಿಂಚೋಳಿ ಸೀಮೆಯ ಚಂದ್ರಂಪಳ್ಳಿ ಜಲಾಶಯದ ಸುತ್ತಣ ಕಾಡಂಚಿನಲ್ಲಿ ಹೊಲಗೆಯ್ಯುವವರಿಗೆ ಹಾವಿನ ಭಯವು ಹೊಸತಲ್ಲ. ಕಚ್ಚಿದವರಿಗೆ ಆಸ್ಪತ್ರೆಯಲ್ಲಿ ಕೊಡುವ ಮದ್ದಾದರೂ ಏನು? ಕುದುರೆಗೆ ಅಲ್ಪಾಲ್ಪವಾಗಿ ವಿಷವನ್ನು ಚುಚ್ಚಿ, ಅದರ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳನ್ನು ಶೋಧಿಸಿ ತೆಗೆದುದೇ ಆ ಮದ್ದು. ಪ್ರಾಣವುಳಿಸುವುದು ನಿಜ, ಆದರೆ ಅನ್ಯಪ್ರಾಣಿಯ ವಸ್ತುವಾದುದರಿಂದ ಕೆಲವರಿಗೆ ಒಗ್ಗದು.

ಕುದುರೆಯ ಹಂಗಿಲ್ಲದೆ ಪ್ರತಿಕಾಯವನ್ನು ಪಡೆಯಬೇಕಾದರೆ, ಅದನ್ನು ಕಟ್ಟುವ ಅಪ್ಪಣೆಯ ಲಿಪಿಯನ್ನು ಮೊದಲು ಅರಿಯಬೇಕು. ಜೀವಕೋಶದೊಳಗೆ ಆ ಅಪ್ಪಣೆಯನ್ನು ಡಿ.ಎನ್.ಎ.ಯಿಂದ ಒಯ್ಯುವ ಓಲೆಕಾರನೇ ಮೆಸೆಂಜರ್ ಆರ್.ಎನ್.ಎ. ಸಾವಿರಾರು ಓಲೆಗಳಲ್ಲಿ ಬೇಕಾದುದನ್ನು ಹೆಕ್ಕುವುದೆಂತು? ಒಂದೇ ಬಗೆಯ ಪ್ರತಿಕಾಯವನ್ನು ಹೇರಳವಾಗಿ ತಯಾರಿಸುವ ಇಲಿಯ ಗಡ್ಡೆಯ ಕೋಶಗಳನ್ನು ವಿದ್ವಾಂಸರು ಆಯ್ದುಕೊಂಡರು. ಬಹುಪಾಲು ಓಲೆಗಳಿಗೆ ಅಡಿನೀನ್ ಎಂಬ ಒಂದೇ ಅಕ್ಷರದ ಬಾಲವುಂಟು. ಅದಕ್ಕೆ ಥೈಮಿನ್ ಜೋಡಿ. ಥೈಮಿನ್ ಸರಪಣಿಯನ್ನು ಹೊತ್ತ ಸೆಲ್ಯುಲೋಸಿನ ಮೇಲೆ ಕೋಶದ ಸಾರವನ್ನು ಉಪ್ಪುನೀರಿನೊಡನೆ ಹರಿಸಿದರೆ ಓಲೆಗಳು ಅಂಟುವುವು. ಉಪ್ಪನ್ನು ತಗ್ಗಿಸಿದರೆ ಬಿಡುವುವು. ಬಳಿಕ ಗಾತ್ರಾನುಸಾರ ಬೇರ್ಪಡಿಸಿ, ನಳಿಕೆಯಲ್ಲಿ ಪ್ರೋಟೀನನ್ನು ಕಟ್ಟಿಸಿ, ಹುಟ್ಟಿದುದು ಪ್ರತಿಕಾಯವೇ ಎಂದು ಪರೀಕ್ಷಿಸುವರು.

1976ರಲ್ಲಿ ಹೊಜುಮಿ ಮತ್ತು ತೊನೆಗವ ಎಂಬವರು ಇಂಥ ಓಲೆಯ ನೆರವಿನಿಂದಲೇ, ಪ್ರತಿಕಾಯದ ಜೀನಿನ ತುಂಡುಗಳು ಸ್ಥಳ ಬದಲಿಸಿ ಜೋಡಣೆಗೊಳ್ಳುವುವೆಂದು ತೋರಿದರು. ಕೆಲವೇ ತುಂಡುಗಳಿಂದ ಅಸಂಖ್ಯ ಪ್ರತಿಕಾಯಗಳು ಹುಟ್ಟುವ ಗುಟ್ಟು ಅದು. ತೊನೆಗವರಿಗೆ 1987ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಇಂಥ ಲಿಪಿಜ್ಞಾನದ ಫಲವು ನಮ್ಮ ನಾಡಿಗೂ ಬಂದಿದೆ. 2024ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯವರೂ ಕೂಡಿ, ನಾಗರ ಮೊದಲಾದ ಹಾವುಗಳ ಒಂದು ಬಗೆಯ ನರವಿಷವನ್ನು ತಡೆಯುವ ಮಾನವ ಪ್ರತಿಕಾಯವನ್ನು ಕೃತಕವಾಗಿ ರಚಿಸಿ, ಇಲಿಗಳಲ್ಲಿ ಗುಣ ಕಂಡರು. ಮಂಡಲದ ಹಾವಿನ ವಿಷಕ್ಕೆ ಅದು ಮದ್ದಲ್ಲ.

ಆದಕಾರಣ ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ: ಹಾವು ಕಚ್ಚಿದರೆ ಮಂತ್ರಕ್ಕೂ ಬೇರಿಗೂ ಹೊತ್ತುಗಳೆಯದೆ ಆಸ್ಪತ್ರೆಗೆ ಧಾವಿಸಿರಿ.